ಬೀಸುಕಲ್ಲಿನ ಮುಂದೆ ಹವಾಲದಾರ

ಅಪ್ಪ ಪಲ್ಟನ್ ಬಿಟ್ಟು ಕಾಯಂ ಆಗಿ ಮನೆಗೆ ಬಂದ ದಿನ, ಅವನನ್ನು ಎಲ್ಲಿ ಕೂಡ್ರಿಸಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ನಗಬೇಡಿ, ಖರೆ ಹೇಳುತ್ತಿದ್ದೇನೆ. ಹನ್ನೆರಡು ವರ್ಷ ಹೆಂಗಸರೇ ಬಾಳಿದ ಮನೆ ಅದು: ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ನಮ್ಮವ್ವ ಸಾಂವಕ್ಕ, ಮತ್ತೆ ಮೂರನೇ ಹೆಂಗಸು ನಾನು, ಸುಂದ್ರವ್ವ, ಆಗ ಒಂಬತ್ತು ವರ್ಷದವಳು. ಅರಭಾವಿಯಿಂದ ಒಂದು ತಾಸು ನಡೆದರೆ ಸಿಗುವ ಹಳ್ಳಿ, ಮಣ್ಣಿನ ಮಾಳಿಗೆಯ ಮನೆ, ನಡುಮನೆಗೆ ಒಂದೇ ಬೆಳಕಿಂಡಿ. ಪಡಸಾಲೆಯ ಕಂಬದ ಬುಡ ಆಯಿಯದು. ಅಲ್ಲಿ ಕೂತು ಹಾದಿಯಲ್ಲಿ ಹೋಗುವವರನ್ನೆಲ್ಲ ಕರೆದು, ಎಲ್ಲಿಗೆ ಹೊಂಟಿ, ಯಾಕ ಹೊಂಟಿ, ಯಾವಾಗ ಬರತಿ ಎಂದು ಕೇಳದೆ ಆಕೆ ಬಿಡುತ್ತಿರಲಿಲ್ಲ. ಅಡುಗೆಮನೆ ಮತ್ತು ಅದರ ಬಾಜೂಕೆ ಬೀಸುಕಲ್ಲು ಇದ್ದ ಕತ್ತಲೆ ಮೂಲೆ ಅವ್ವನದು. ಉಳಿದದ್ದೆಲ್ಲ ನನ್ನದು. ಇಂಥ ಮನೆಯೊಳಗೆ ಆರು ಫೂಟಿನ ಒಬ್ಬ ಆಳು ಕಬ್ಬಿಣದ ಟ್ರಂಕು ಇಳಿಸಿ ಹೊಸ್ತಿಲ ಒಳಗೆ ಎದೆ ಸೆಟೆಸಿ ನಿಂತುಬಿಟ್ಟ.

"ಕೂಡ್ರಪಾ ಲಗಮಪ್ಪಾ, ಯಾಕ ನಿಂತಿ? ಇದು ನಿನ್ನ ಮನೀನ ಐತಿ," ಎಂದಳು ಆಯಿ.

ಅವನು ಆ ಕಡೆ ಈ ಕಡೆ ನೋಡಿ ತನ್ನ ಟ್ರಂಕಿನ ಮೇಲೆಯೇ ಕೂತ. ಮೂರು ದಿನ ಅದರ ಮೇಲೆಯೇ ಕೂತ. ನಾನು ಕಂಬದ ಹಿಂದಿನಿಂದ ಇಣುಕಿ ನೋಡುತ್ತಿದ್ದೆ. ನಾನು ಹುಟ್ಟಿದ್ದೇ ಅವನ ಒಂದು ಸೂಟಿಯ, ಅಂದರೆ ರಜೆಯ, ಪುಣ್ಯದಿಂದ. ಆಮೇಲೆ ಇನ್ನೊಂದು ಸೂಟಿಗೆ ಬಂದಾಗ ಸಣ್ಣವಳಿದ್ದೆ, ಮೀಸೆ ನೋಡಿ ಚೀರಿದ್ದೆನಂತೆ. ಈ ಸಲ ಚೀರಲಿಲ್ಲ. ಆದರೆ ಮಾತೂ ಆಡಲಿಲ್ಲ.

ಪಲ್ಟನ್ ಅವನ ಮೈಯಿಂದ ಇನ್ನೂ ಇಳಿದಿರಲಿಲ್ಲ. ಕೋಳಿಗಿಂತ ಮೊದಲೇ ಏಳುತ್ತಿದ್ದ. ಕಂಬಳಿಯ ನಾಲ್ಕು ಮೂಲೆ ಕೂಡಿಸಿ ಮಡಚಿ, ಮಡಚಿದ್ದರ ಮೇಲೆ ಅಂಗೈ ಎಳೆದು ನೋಡುತ್ತಿದ್ದ. ನನ್ನ ಕೌದಿಯನ್ನೂ ಹಾಗೆಯೇ ಮಡಚಬೇಕೆಂದು ಹುಕುಂ ಆಯಿತು. ಆಯಿಯ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿ ಅದು, ಅದಕ್ಕೆ ನೆಟ್ಟಗಿನ ಮೂಲೆ ಎಲ್ಲಿಂದ ತರಲಿ? ಊಟ ಹೊತ್ತಿಗೆ ಸರಿಯಾಗಿ ಆಗಬೇಕು ಅನ್ನುತ್ತಿದ್ದ. ಅವ್ವ ರೊಟ್ಟಿ ಬಡಿಯುವುದು ಹಸಿವೆಯಾದಾಗ, ಬಿಸಿಲು ನೋಡಿಕೊಂಡು ಅಲ್ಲ. ಜುಣಕ, ಪುಂಡಿಪಲ್ಯ, ಶೇಂಗಾಹಿಂಡಿ, ಏನೇ ಬಡಿಸಿದರೂ ತಲೆ ಎತ್ತದೆ ಉಂಡು, ಗಂಗಾಳ ತಾನೇ ತೊಳೆಯಲು ಏಳುತ್ತಿದ್ದ. ಅವ್ವ ಅದನ್ನು ಕಸಿದುಕೊಳ್ಳುತ್ತಿದ್ದಳು. ಟ್ರಂಕಿನಲ್ಲಿ ಚಹಾಪುಡಿ ತಂದಿದ್ದ. ಅದು ನಮ್ಮ ಮನೆಯಲ್ಲಿ ಮೊದಲನೇ ಚಹಾ, ಮೊದಲನೇ ಜಗಳವೂ ಹೌದು.

"ಏನದು ಕರೇ ನೀರು?"

"ಚಾ, ಯವ್ವಾ. ಪಲ್ಟನ್ಯಾಗ ಎಲ್ಲಾರೂ ಕುಡೀತಾರ."

"ಪಲ್ಟನ್ಯಾಗ ಎಲ್ಲಾರೂ ಗುಂಡೂ ಹಾರಸತಾರ. ಇಲ್ಲೂ ಹಾರಸತಿಯೇನು?"

ಹದಿನೈದು ದಿನ ಕಳೆಯುವುದರೊಳಗೆ ಆಯಿ ಹೊತ್ತಿಗೆ ಎರಡು ಮಗ್ ಕುಡಿಯತೊಡಗಿದಳು, ಅದು ಬೇರೆ ಮಾತು. ಒಟ್ಟಿನಲ್ಲಿ ಅವನು ನೆಂಟನೂ ಅಲ್ಲದ, ಮನೆಯವನೂ ಅಲ್ಲದ ಸ್ಥಿತಿಯಲ್ಲಿ ತಿಂಗಳು ಕಳೆದ. ಅವ್ವ ಅವನ ಮುಂದೆ ಸೆರಗು ಹೊದ್ದುಕೊಂಡು ಅಡ್ಡಾಡುತ್ತಿದ್ದಳು, ಕೇಳಿದ್ದಕ್ಕೆ "ಹೂಂ ರಿ", "ಇಲ್ರಿ" ಅನ್ನುತ್ತಿದ್ದಳು.

ಅಪ್ಪ ಪಲ್ಟನ್ನಿಗೆ ಹೋಗುವ ಮೊದಲು ಗೀಗೀ ಪದ ಹಾಡುತ್ತಿದ್ದ. ಹಾಡುವುದಷ್ಟೇ ಅಲ್ಲ, ತಾನೇ ಕಟ್ಟುತ್ತಿದ್ದ. ಮುಂದೆ ನಿಂತವನು ಡಪ್ಪು ಬಾರಿಸುತ್ತ ಒಂದೊಂದೇ ನುಡಿ ಹಾಡುತ್ತಾನೆ, ಹಿಂದೆ ನಿಂತ ಇಬ್ಬರು ತುಂತುಣಿ, ತಾಳ ಹಿಡಿದು "ಗೀಯ ಗಾ ಗೀಯ" ಎಂದು ಎತ್ತಿಕೊಳ್ಳುತ್ತಾರೆ. ಅವನು ಕಟ್ಟಿದ 'ಹೊಳಿ ಪದ' ಮೂಡಲಗಿಯಿಂದ ಗೋಕಾಕ, ನಮ್ಮ ಬಾಯಲ್ಲಿ ಗೋಕಾವಿ, ತನಕ ಗೊತ್ತಿತ್ತು. ದಬದಬಿಯಾಗಿ, ಅಂದರೆ ಜಲಪಾತವಾಗಿ, ಧುಮುಕುವ ಘಟಪ್ರಭೆಯನ್ನು ಸೊಕ್ಕಿನ ಹುಡುಗಿಯಂತೆ ಹಾಡಿದ ಪದ ಅದು. ಇಪ್ಪತ್ತಮೂರರ ವಯಸ್ಸು, ಬೆಳಗಾವಿಯಲ್ಲಿ ಭರ್ತಿ ನಡೆದಿತ್ತು, ಗೆಳೆಯರು ಹೋದರು, ಇವನೂ ಹೋದ. ಸಮುದ್ರದಾಚೆ ಬಸರಾ ಎಂಬ ಊರಿನ ಉಸುಕಿನಲ್ಲಿ ಡೇರೆಯೊಳಗೆ ಮಲಗಿ, ಜೀವಂತ ಉಳಿದರೆ ಊರಿಗೆ ಹೋಗಿ ಮತ್ತೆ ಡಪ್ಪು ಹಿಡಿಯುತ್ತೇನೆ ಅಂದುಕೊಳ್ಳುತ್ತಿದ್ದನಂತೆ. ಹೊಲ, ಮನೆ, ಪಿಂಚಣಿ ಇದಾವುದೂ ಅವನನ್ನು ಎಳೆದು ತಂದಿರಲಿಲ್ಲ. ಹಾಡು ತಂದಿತ್ತು.

ಅವನ ಹಳೆಯ ಜೋಡೀದಾರ ಮೀರಾಸಾಬ ಕಾಕಾ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಗಿರಣಿ ಸೂಟಿಯ ದಿನ ತುಂತುಣಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದ.

"ಅಣ್ಣಾ, ಡಪ್ಪ ತಗೀ. ಹನ್ನೆರಡು ವರ್ಷ ಆತು, ನನ್ನ ತುಂತುಣಿ ಮೂಕಿ ಆಗೈತಿ."

ಅಪ್ಪ ಪಡಸಾಲೆಯಲ್ಲಿ ನಿಂತ. ಮೊದಲನೇ ನುಡಿ ಹಾಡಿದ.

ಹೊಳಿ ಬಂತೋ ಹೊಳಿ ಬಂತೋ ಸೊಕ್ಕೀಲೆ
ಗುಡ್ಡ ಗುಂಡ ಉಳ್ಳಿಸಿ ತಂತೋ ತೆಕ್ಕೀಲೆ
ಗೋಕಾವಿ ದಬದಬಿ ಹಾರಿ ಬಿತ್ತೋ ಕೆಳಗ

ಧ್ವನಿ ಇತ್ತು. ಆದರೆ ಎಡಗಾಲು ನೆಲಕ್ಕೆ ಬಡಿಯುತ್ತಿತ್ತು, ಬಲಗಾಲು ಬಡಿಯುತ್ತಿತ್ತು, ಹೊಳೆ ಹರಿಯುವುದನ್ನು ಬಿಟ್ಟು ಸಾಲು ಹಿಡಿದು ನಡೆದ ಹಾಗೆ ಕೇಳಿಸಿತು. ಎರಡನೇ ನುಡಿಗೆ ಬಾಯಿ ತೆರೆದ, ಮಾತು ಬರಲಿಲ್ಲ. ಮತ್ತೆ ಮೊದಲಿಂದ ಹಾಡಿದ. ಮತ್ತೆ ಅಲ್ಲೇ ನಿಂತ.

"ಅಣ್ಣಾ, ಸಿಟ್ಟ ಆಗಬ್ಯಾಡ. ಇದು ಪದ ಅಲ್ಲ, ಪರೇಡ," ಎಂದ ಮೀರಾಸಾಬ ಕಾಕಾ.

ಅವತ್ತು ಅಪ್ಪನ ಮುಖ ನೋಡಲಾಗಲಿಲ್ಲ. ತನ್ನ ಮನೆಯ ಬಾಗಿಲನ್ನೇ ಮರೆತವನಂತೆ ಕೂತಿದ್ದ. ನನಗೆ ಮೊದಲ ಸಲ ಅವನ ಮೇಲೆ ಮರುಕ ಹುಟ್ಟಿತು. ಹತ್ತಿರ ಹೋಗಿ ಟ್ರಂಕಿನ ಒಂದು ತುದಿಗೆ ಕೂತೆ. ಕೈಯಲ್ಲಿ ಹಿಟ್ಟು ಹತ್ತಿಸಿಕೊಂಡೇ ಅವ್ವ ಅಡುಗೆಮನೆಯಿಂದ ಹೇಳಿದಳು.

"ಎರಡನೇ ನುಡಿ ನನಗ ಬರತೈತ್ರಿ. ಎಲ್ಲಾ ನುಡಿ ಬರತಾವ."

ಅಪ್ಪ ಎದ್ದೇ ನಿಂತ. "ಹೇಳ ಹಂಗಾರ."

ಅವ್ವ ಬಾಯಿ ತೆರೆದಳು, ಮುಚ್ಚಿದಳು. ಎರಡು ಮೂರು ಸಲ ಹಾಗೆ ಮಾಡಿ ನಾಚಿಕೊಂಡಳು.

"ಕೈಯಾಗ ಗೂಟ ಇಲ್ಲದ ಬಾಯಾಗ ಬರಂಗಿಲ್ರಿ."

ಗೂಟ ಅಂದರೆ ಬೀಸುಕಲ್ಲಿನ ಹಿಡಿಕೆ. ಅಪ್ಪ ಹೋಗುವ ಮೊದಲು ಕೇಳಿ ಕಲಿತಿದ್ದ ಆ ಪದವನ್ನು ಅವ್ವ ಹನ್ನೆರಡು ವರ್ಷ ಕಲ್ಲಿನ ಮುಂದಷ್ಟೇ ಹಾಡಿದ್ದಳು. ಕಲ್ಲು ತಿರುಗಿದರೆ ನುಡಿ ಬರುತ್ತಿತ್ತು, ಕಲ್ಲು ನಿಂತರೆ ನುಡಿ ನಿಲ್ಲುತ್ತಿತ್ತು. ಇದರಲ್ಲಿ ವಿಶೇಷವೇನಿಲ್ಲ, ನಮ್ಮ ಕಡೆಯ ಎಲ್ಲ ಹೆಂಗಸರೂ ಹಾಗೆಯೇ. ನಟ್ಟ ಹಗಲಲ್ಲಿ ಒಂದು ಬೀಸುವ ಪದ ಹೇಳು ಅಂದರೆ ಕಣ್ಣು ಪಿಳಿ ಪಿಳಿ ಬಿಡುತ್ತಾರೆ. ಹಾಗಾಗಿ ಅವ್ವ ಮೊರದಲ್ಲಿ ಜೋಳ ತಂದು ಕಲ್ಲಿನ ಮುಂದೆ ಕೂತಳು. ಒಬ್ಬಳೇ ಬೀಸಿದರೆ ಏದುಸಿರಿನಲ್ಲಿ ಮಾತು ಸರಿಯಾಗಿ ಕೇಳುವುದಿಲ್ಲ. ಆಗ ನಮ್ಮಪ್ಪ, ಬಸರಾ ಕಂಡು ಬಂದ ಹವಾಲದಾರ, ಮಂಡಿ ಮಡಚಿ ಅವಳ ಎದುರಿಗೆ ಕೂತು ಗೂಟಕ್ಕೆ ಕೈ ಹಾಕಿದ. ಗಂಡಸು ಬೀಸುಕಲ್ಲು ಮುಟ್ಟಿದ್ದನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

"ಅಯ್ಯ ಶಿವನ! ಹವಾಲದಾರ ಬೀಸಾಕ ಕುಂತಾನ!" ಎಂದು ಆಯಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಮಂದಿ ಕಂಡ್ರ ನಾ ಮಾರಿ ಎಲ್ಲಿ ಇಟ್ಟಕೊಳ್ಳಲಿ?"

ಹಾಗಂದವಳು ಎದ್ದು ಹೋಗಿ ತಲಬಾಗಿಲು ಎಳೆದುಕೊಂಡು ಹೊರಗಿನ ಕಟ್ಟೆಯ ಮೇಲೆ ಪಹರೆಗೆ ಕೂತಳು. ಅದೇ ನಮ್ಮ ಆಯಿ. ಬೈಯುವುದೂ ಆಕೆಯೇ, ಕಾಯುವುದೂ ಆಕೆಯೇ. ಯಾರಾದರೂ ಬಂದರೆ "ಒಳಗ ಸೊಸಿಗೆ ತಲಿನೋವ ಐತಿ" ಅನ್ನುತ್ತಿದ್ದಳು. ತಲೆನೋವಿನವಳು ಹಾಡುತ್ತ ಬೀಸುವುದು ಓಣಿಗೆಲ್ಲ ಕೇಳುತ್ತಿತ್ತು.

ಒಳಗೆ ಬೇರೆಯೇ ಲೋಕ. ಗೂಟದ ಮೇಲೆ ನಾಲ್ಕು ಕೈ, ಕಲ್ಲಿನ ಸುತ್ತ ಬೆಳ್ಳಗೆ ಹಿಟ್ಟು, ನಾನು ಕಲ್ಲಿನ ಬಾಯಿಗೆ ಜೋಳ ಹಾಕುವವಳು. ಮೊದಲು ಅಪ್ಪ ಕಲ್ಲನ್ನೂ ಪರೇಡಿಗೆ ಹಚ್ಚಿದ. ಒಂದು ಜಗ್ಗು, ಒಂದು ನೂಕು, ನಡುವೆ ಒಂದು ತಡೆ. ಹಿಟ್ಟು ರವೆಯಂತೆ ಬಿದ್ದಿತು.

"ಸಾವಕಾಶ್ರಿ. ಇದು ನಡಿಯೂದಲ್ಲ, ತಿರಗೂದು."

"ತಿರಗಸಾಕತ್ತೇನಲ್ಲ?"

"ದಬ್ಬಾಕತ್ತೀರಿ."

ಅವನ ಕೈ ದಾರಿಗೆ ಬರಲು ನಾಲ್ಕು ದಿನ ಹಿಡಿಯಿತು. ಕೈ ದಾರಿಗೆ ಬಂದಂತೆ ತಾಳವೂ ಬಂತು, ಕಾಲು ಬಡಿಯುವುದು ನಿಂತಿತು. ಅವ್ವ ಒಂದು ನುಡಿ ಅಂದರೆ ಅವನು ಅದನ್ನೇ ಅನ್ನುತ್ತಿದ್ದ. ಒಮ್ಮೊಮ್ಮೆ "ಹೌದಲ್ಲ! ಹಿಂಗ ಕಟ್ಟಿದ್ನಿ ನಾ!" ಎಂದು ಕೂಗುತ್ತಿದ್ದ. ಅವ್ವ ಸೆರಗಿನ ಒಳಗೆ ನಗುತ್ತಿದ್ದಳು. ನುಡಿ ಬೇಕಾದರೆ ಬೀಸಬೇಕು, ಬೀಸಿದರೆ ಹಿಟ್ಟಾಗುತ್ತದೆ. ಹಿಟ್ಟು ಡಬ್ಬಿ ತುಂಬಿತು, ಗಡಿಗೆ ತುಂಬಿತು, ಹಳತಾದ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಹರಿಯತೊಡಗಿತು. ಕಡೆಗೆ ಬಾಜೂ ಮನೆಯವರ ಜೋಳವನ್ನು ಆಯಿ ಕೇಳಿ ತಂದಳು. "ನಮ್ಮ ಸೊಸಿ ಬೀಸಿ ಕೊಡತಾಳ, ಸುಮ್ಮನ ಕೂತ ಬ್ಯಾಸರ ಆಗೈತಿ ಆಕಿಗೆ." ತಲೆನೋವು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಓಣಿಯವರು ದಡ್ಡರಲ್ಲ, ಮೊರ ತುಂಬಿ ಕಳಿಸಿದರು. ಆ ದಿನಗಳಷ್ಟು ಸುಖದ ದಿನಗಳನ್ನು ನಮ್ಮ ಮನೆ ಮೊದಲು ಕಂಡಿರಲಿಲ್ಲ ಎಂದು ಈಗಲೂ ಆಣೆ ಮಾಡಿ ಹೇಳಬಲ್ಲೆ.

ಒಂದು ತೊಡಕಿತ್ತು. ಗೀಗೀ ಪದದ ಕಡೆಯ ಸಾಲಿನಲ್ಲಿ ಕಟ್ಟಿದವನ ಹೆಸರು ಬರಬೇಕು. ಗಂಡನ ಹೆಸರು ಹೆಂಡತಿ ಬಾಯಲ್ಲಿ ತರುವಂತಿಲ್ಲ. ಅದಕ್ಕೆ ಅವ್ವ 'ಲಗಮಪ್ಪ' ಬರುವಲ್ಲಿ 'ನಮ್ಮ ಮನಿ ರಾಯ' ಎಂದು ಹಾಡಿಕೊಂಡಿದ್ದಳು. ಅವ್ವನ ತವರು ಹುಕ್ಕೇರಿ ಕಡೆ. ಹಬ್ಬಕ್ಕೆ, ಬಾಣಂತನಕ್ಕೆ ಹೋದಾಗಲೆಲ್ಲ ಅಲ್ಲಿಯೂ ಬೀಸಿದ್ದಳು, ಹಾಡಿದ್ದಳು. ಅಲ್ಲಿಯ ಹುಡುಗಿಯರು ಕಲಿತು ತಮ್ಮ ತಮ್ಮ ಗಂಡನ ಮನೆಗೆ ಒಯ್ದಿದ್ದರು. ಹೀಗೆ ಹೆಸರಿಲ್ಲದ ಪದ ಊರೂರು ತಿರುಗಿತ್ತು. ಇದು ನಮಗಾರಿಗೂ ಹೊಳೆದಿರಲಿಲ್ಲ.

ಕಾರಹುಣ್ಣಿವೆಯ ಮರುದಿನ ಮಧ್ಯಾಹ್ನ ಮೂಡಲಗಿಯ ಪೇಟೆ ಬಯಲಿನಲ್ಲಿ ಎರಡು ಮೇಳಗಳ ಸವಾಲು ಜವಾಬು ಇತ್ತು. ಒಂದು ಕಡೆ ಅಪ್ಪನ ಮೇಳ, ಎದುರಿಗೆ ಹುಕ್ಕೇರಿ ಕಡೆಯ ದುಂಡಪ್ಪ ಎಂಬ ಹರೆಯದ ಹಾಡುಗಾರ. ಜವಾಬು ಕೊಡಲಾಗದವನು ಡಪ್ಪು ನೆಲಕ್ಕೆ ಇಡಬೇಕು, ಅದೇ ಸೋಲು. ನಾವು ಚಕ್ಕಡಿ ಕಟ್ಟಿಕೊಂಡು ಹೋದೆವು. ಆಯಿ, ಅವ್ವ, ನಾನು ಹೆಂಗಸರ ಸಾಲಿನಲ್ಲಿ ಕೂತೆವು. ಅಪ್ಪ ರುಮಾಲು ಸುತ್ತಿ ಹೊಳಿ ಪದ ಎತ್ತಿದ. ಏನು ಹಾಡಿದನವ್ವ! ಮೀರಾಸಾಬ ಕಾಕಾ ಕಣ್ಣು ಮುಚ್ಚಿಕೊಂಡು ತುಂತುಣಿ ಮಿಡಿಯುತ್ತಿದ್ದ. ಮುದುಕರು "ಲಗಮಪ್ಪ ಬಂದಾನೋ" ಎಂದು ರುಮಾಲು ಹಾರಿಸಿದರು. ಪದ ಮುಗಿಯಿತು. ದುಂಡಪ್ಪ ಮುಂದೆ ಬಂದ, ಮುಗುಳ್ನಗುತ್ತ ಕೈ ಮುಗಿದ.

"ಹವಾಲದಾರ್ರ, ಭಾಳ ಚಲೋ ಹಾಡಿದ್ರಿ. ಆದ್ರ ಇದು ನಮ್ಮವ್ವ ಬೀಸೂ ಮುಂದ ಹಾಡೂ ಪದ. ಹೆಂಗಸರ ಪದ ಕದ್ದ ತಂದು ಡಪ್ಪ ಬಾರಸಾಕತ್ತೀರೇನು?"

ಮಂದಿ ನಕ್ಕರು. ಅಪ್ಪನ ಕಿವಿ ಕೆಂಪಗಾದವು.

"ಈ ಪದ ನಂದು. ನಾ ಕಟ್ಟಿದ್ದು."

"ನಿಮ್ಮದಾದ್ರ ಕಡೀ ನುಡಿ ಯಾಕ ಬಿಟ್ರಿ? ನಾ ಹಾಡತೇನಿ ಕೇಳ್ರಿ. ಜವಾಬ ಕೊಡ್ರಿ."

ದುಂಡಪ್ಪ ಹಾಡಿದ.

ಹೊಳಿ ದಾಟಿ ಹೋದಾವ ಓಲೀಯ ಬರದಾನ
ಸತ್ತಾಕಳ ಸುಖವ ಕೇಳ್ಯಾನ | ಮನಿಯಾಗ
ಇದ್ದಾಕಿ ಹೆಸರ ಮರತಾನ ||

"ಅಯ್ಯ ಪಾಪ," ಎಂದರು ಹೆಂಗಸರು. ನಮ್ಮ ಹಿಂದೆ ಕೂತ ಒಬ್ಬಳು "ಅಂಥಾ ಗಂಡನ ಬಾಯಾಗ ಮಣ್ಣ ಬೀಳ್ಲಿ" ಎಂದಳು. ಅವ್ವನ ತಲೆ ಮೊಣಕಾಲಿಗೆ ಹತ್ತಿತ್ತು. ನಾನು ಅಪ್ಪನನ್ನು ನೋಡಿದೆ. ಅಪ್ಪ ದುಂಡಪ್ಪನನ್ನು ನೋಡುತ್ತಿರಲಿಲ್ಲ. ಹೆಂಗಸರ ಸಾಲಿನಲ್ಲಿ ಅವ್ವನನ್ನು ಹುಡುಕಿ, ಅವಳನ್ನೇ ನೋಡುತ್ತಿದ್ದ. ಆಮೇಲೆ ಬಗ್ಗಿ ಡಪ್ಪನ್ನು ನೆಲಕ್ಕೆ ಇಟ್ಟ.

ಆ ನುಡಿ ಯಾರದೆಂದು ಆ ಬಯಲಿನಲ್ಲಿ ತಿಳಿದದ್ದು ನಮ್ಮ ಮನೆಯವರಿಗೆ ಮಾತ್ರ. ಯಾಕೆಂದರೆ ಸತ್ತ ಆಕಳು ನಮ್ಮದು. ಅಪ್ಪ ಪಲ್ಟನ್ನಿನಿಂದ ಬರೆಸುತ್ತಿದ್ದ ಓಲೆಗಳನ್ನು ಸಾಲಿ ಮಾಸ್ತರರು ನಮ್ಮ ಪಡಸಾಲೆಯಲ್ಲಿ ಕೂತು ಓದುತ್ತಿದ್ದರು. ಓಲೆ ಬಂತೆಂದರೆ ಓಣಿಯ ಹತ್ತು ಮಂದಿ ಬಂದು ಕೂಡುತ್ತಿದ್ದರು. ತಾಯಿಗೆ ನಮಸ್ಕಾರ, ಹಿರಿಯರಿಗೆ ಶರಣು, ಮಳೆ ಹೇಗೆ, ಬೆಳೆ ಹೇಗೆ, ಮತ್ತೆ ಪ್ರತಿ ಓಲೆಯ ಕೊನೆಗೆ, ಕೆಂದಾಕಳು ಹೇಗಿದೆ, ಮೇಯುತ್ತದೋ ಇಲ್ಲವೋ, ಸೊರಗಿಲ್ಲ ತಾನೇ. ಅವ್ವನ ಬಗ್ಗೆ ಒಂದಕ್ಷರ ಇಲ್ಲ. ನಾನು ಅಂಬೆಗಾಲಿಡುವಾಗ ಆ ಆಕಳು ಸತ್ತಿತು. ಮಾಸ್ತರರ ಕೈಯಿಂದ ಆಯಿ ಅದನ್ನು ಬರೆಸಿಯೂ ಬರೆಸಿದಳು. ಮುಂದಿನ ಓಲೆಯಲ್ಲಿ ಮತ್ತೆ ಅದೇ: ಕೆಂದಾಕಳು ಹೇಗಿದೆ? ಅದರ ಮುಂದಿನದರಲ್ಲೂ ಅದೇ. "ಪಲ್ಟನ್ಯಾಗ ನನ್ನ ಮಗನ ತಲಿ ಕೆಟ್ಟೈತಿ" ಎಂದು ಆಯಿ ನಗುತ್ತಿದ್ದಳು, ಓಣಿಯೆಲ್ಲ ನಗುತ್ತಿತ್ತು. ಅವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಯಾವುದೋ ಮುಂಜಾನೆ ಕಲ್ಲಿನ ಮುಂದೆ ಆ ನುಡಿ ಕಟ್ಟಿಕೊಂಡಳು. ಅಪ್ಪನಿಗೆ ಪದ ಕಲಿಸುವಾಗ ಎಲ್ಲ ನುಡಿ ಹೇಳಿ, ಅದೊಂದನ್ನು ನುಂಗಿಕೊಂಡಿದ್ದಳು.

ಸೂಟಿಗೆ ಬಂದಾಗ ಬಾಯಿ ಬಿಟ್ಟು ಕೇಳಬಾರದಿತ್ತೇ ಎಂದು ನೀವು ಅನ್ನಬಹುದು. ಈಗಿನವರಿಗೆ ಅದು ಸುಲಭ. ಅತ್ತೆ ಇದ್ದ ಮನೆಯಲ್ಲಿ, ಹತ್ತು ನೆಂಟರು ಕೂತಿರುವಾಗ, ನನ್ನನ್ನು ಯಾಕೆ ಕೇಳಲಿಲ್ಲ ಎಂದು ಗಂಡನನ್ನು ಕೇಳುವ ಹೆಣ್ಣು ಆಗ ನಮ್ಮ ಕಡೆ ಹುಟ್ಟಿರಲಿಲ್ಲ.

ಮೂಡಲಗಿಯಿಂದ ಬಂದ ಮೇಲೆ ಮನೆಯಲ್ಲಿ ಮಾತು ನಿಂತಿತು. ಅವ್ವ ಒಬ್ಬಳೇ ಬೀಸತೊಡಗಿದಳು, ಪದವಿಲ್ಲದೆ ಬೀಸತೊಡಗಿದಳು. ನಾನು ಬರೀ ಕಲ್ಲಿನ ಗರಗರ ಕೇಳುತ್ತ ಏಳುತ್ತಿದ್ದೆ. ಅಪ್ಪ ಮತ್ತೆ ಟ್ರಂಕಿನ ಮೇಲೆ ಕೂತ. ಮೀರಾಸಾಬ ಕಾಕಾ ಬಂದರೂ ಡಪ್ಪು ಮುಟ್ಟಲಿಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ, ಫಾಲ್ಸಿನ ಗಿರಣಿಯಲ್ಲಿ ಬಾಗಿಲು ಕಾಯಲು ಆಳು ಬೇಕಾಗಿದ್ದಾನೆ, ಅಲ್ಲೇ ಇರಲು ಒಂದು ಖೋಲಿಯನ್ನೂ ಕೊಡುತ್ತಾರೆ, ಹೋಗುತ್ತೇನೆ ಎಂದ. ನಾನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. ಈಗಷ್ಟೇ ಸಿಕ್ಕ ಅಪ್ಪ ಮತ್ತೆ ಹೋಗುತ್ತಾನಲ್ಲ ಎಂದು ಅಳು ಬಂತು.

ಅವ್ವ ರೊಟ್ಟಿಯನ್ನು ಅವನ ಗಂಗಾಳಕ್ಕೆ ಹಾಕಿದಳು. ಧ್ವನಿ ಎತ್ತರಿಸಲಿಲ್ಲ.

"ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅಲ್ಲಿಂದ ಓಲಿ ಬರಸಬ್ಯಾಡ್ರಿ. ನಮ್ಮ ಮನ್ಯಾಗ ಈಗ ಆಕಳಿಲ್ಲ."

ಆಯಿ ತುತ್ತು ಕೈಯಲ್ಲಿ ಹಿಡಿದು ಹಾಗೆಯೇ ಕೂತಳು. ಅಪ್ಪ ಗಂಗಾಳ ಬದಿಗೆ ಸರಿಸಿದ. ಆಮೇಲೆ ತಾಯಿ ಎದುರಿಗಿದ್ದಾಳೆ, ಮಗಳು ಬಾಜೂಕೆ ಇದ್ದಾಳೆ ಎನ್ನುವುದನ್ನೂ ಬಿಟ್ಟು ಮಾತಾಡಿದ.

"ಆ ಆಕಳ ಯಾರ ಮನಿಯಿಂದ ಬಂದಿತ್ತು?"

"ನನ್ನ ತವರಮನಿಯಿಂದ," ಎಂದಳು ಅವ್ವ.

"ಯಾರ ಜೋಡಿ ಬಂದಿತ್ತು?"

ಅವ್ವ ಒಲೆಯ ಕಡೆ ತಿರುಗಿ ಇನ್ನೊಂದು ರೊಟ್ಟಿ ಎತ್ತಿಕೊಂಡಳು.

"ಹತ್ತ ಮಂದಿ ಕುಂತ ಕೇಳೂ ಓಲ್ಯಾಗ, ಯವ್ವ ಕೇಳೂ ಓಲ್ಯಾಗ, ಹೆಂಡತಿ ಹ್ಯಾಂಗ ಅದಾಳ ಅಂತ ಹ್ಯಾಂಗ ಬರಸಲಿ? ನಿನ್ನ ಜೋಡಿ ಈ ಮನಿಗೆ ಬಂದದ್ದು ಆ ಆಕಳ ಒಂದ. ಅದನ್ನ ಕೇಳಿದ್ನಿ. ನಿನಗ ತಿಳೀತೈತಿ ಅಂತ ತಿಳಕೊಂಡಿದ್ನಿ."

"ಆಕಳ ಸತ್ತದ್ದು ಅತ್ತಿ ಬರಸಿದ್ರಲ್ಲ?"

"ಬರಸಿದ್ರಿ. ಆವತ್ತ ನಾ ಡೇರೇದಾಗ ಕೂತು ಅತ್ನಿ. ಒಂದ ಆಕಳಕ್ಕ ಹವಾಲದಾರ ಅಳತಾನಂತ ಮಂದಿ ನಕ್ಕರು. ನಾ ಆಕಳಕ್ಕ ಅತ್ತದ್ದಲ್ಲ. ಇನ್ನ ನಿನ್ನ ಹ್ಯಾಂಗ ಕೇಳೂದು ಅಂತ ಅತ್ತದ್ದು. ಕಡೀಕ, ಹುಚ್ಚ ಅಂದ್ರ ಅನ್ನಲಿ, ಸತ್ತ ಆಕಳನ್ನ ಕೇಳಿದ್ರ ನಿನಗ ಖಂಡಿತ ತಿಳೀತೈತಿ ಅಂತ ಮತ್ತ ಬರಸಿದ್ನಿ."

ಅವ್ವನ ಕೈಯಲ್ಲಿದ್ದ ರೊಟ್ಟಿ ಒಲೆಯ ಮುಂದೆ ಬಿತ್ತು. ಆಯಿ ಎದ್ದಳು. ಊಟ ಅರ್ಧಕ್ಕೆ ಬಿಟ್ಟು ಎದ್ದವಳು ನನ್ನ ರಟ್ಟೆ ಹಿಡಿದಳು.

"ಏಳ ಸುಂದ್ರೀ. ಹಿತ್ತಲದಾಗ ಕುಳ್ಳ ಒಟ್ಟೂಣು ನಡಿ."

"ಮುಂಜಾನೆ ಒಟ್ಟೇವಲ್ಲ ಆಯಿ?"

"ಮತ್ತ ಒಟ್ಟೂಣು ನಡಿ ಅಂದ್ನಿ!"

ನನಗೆ ನೆನಪಿದ್ದಂತೆ, ಮಗನನ್ನೂ ಸೊಸೆಯನ್ನೂ ಇಬ್ಬರನ್ನೇ ಬಿಟ್ಟು ಆಯಿ ಹೊರಗೆ ಹೋದದ್ದು ಅದೇ ಮೊದಲು. ಹಿತ್ತಲಲ್ಲಿ ಆಕೆ ಕುಳ್ಳನ್ನು, ಅಂದರೆ ಬೆರಣಿಯನ್ನು, ಮುಟ್ಟಲೂ ಇಲ್ಲ. ಗೋಡೆಗೆ ಆತು ಕೂತು, "ನಾ ನಕ್ಕೆನಲ್ಲ, ಓಣಿ ಮಂದೀನೂ ನಗಿಸಿದೆನಲ್ಲ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಒಳಗಿನಿಂದ ಅವ್ವ ಅಳುವುದು ಕೇಳುತ್ತಿತ್ತು. ಹನ್ನೆರಡು ವರ್ಷದ ಅಳು, ಬೇಗ ಮುಗಿಯಲಿಲ್ಲ. ಅದು ಮುಗಿದ ಮೇಲೆ ಇಬ್ಬರೂ ಏನೋ ಮಾತಾಡುತ್ತಿದ್ದರು. ಏನೆಂದು ಕೇಳಲು ನಾನು ಗೋಡೆಗೆ ಕಿವಿ ಹಚ್ಚಿದೆ. ಆಯಿ ನನ್ನ ಕಿವಿ ಹಿಂಡಿದಳು.

ಅಪ್ಪ ಗಿರಣಿಯ ಬಾಗಿಲು ಕಾಯಲು ಹೋಗಲಿಲ್ಲ. ಫಾಲ್ಸಿಗೆ ಹೋದದ್ದು ಹಾಡಲು, ಗಿರಣಿಯ ಸೂಟಿ ದಿನ, ಮೀರಾಸಾಬ ಕಾಕಾ ಇದ್ದ ಚಾಳಿನ, ಅಂದರೆ ಗಿರಣಿ ಆಳುಗಳ ಸಾಲುಮನೆಗಳ, ಅಂಗಳಕ್ಕೆ. ಅದಕ್ಕೂ ಮೊದಲು ಎಂಟು ದಿನ ಬೀಸುಕಲ್ಲಿನ ಮುಂದೆ ಇಬ್ಬರೂ ಕೂತಿದ್ದರು. ಈ ಸಲ ಆಯಿ ಬಾಗಿಲು ಮುಚ್ಚಲಿಲ್ಲ, ನೋಡಿದರೆ ನೋಡಲಿ ಎಂದಳು. ಪಲ್ಟನ್ನಿನಿಂದ ಬಂದ ಮೇಲೆ ಅಪ್ಪ ಕಟ್ಟಿದ ಮೊದಲನೇ ನುಡಿ ಆ ಎಂಟು ದಿನಗಳದು. ಚಾಳಿನಲ್ಲಿ ಹೊಳಿ ಪದ ಹಾಡಿ, ಅವ್ವನ ನುಡಿಯನ್ನು ಒಂದು ಮಾತೂ ಬದಲಿಸದೆ ಹಾಡಿ, "ಇದು ನಮ್ಮ ಮನಿಯಾಕಿ ಹಾಕಿದ ಸವಾಲ, ನಾ ಮೂಡಲಗ್ಯಾಗ ಸೋತದ್ದು ಆಕಿಗೆ" ಎಂದು ಎಲ್ಲರೆದುರು ಹೇಳಿ ಜವಾಬು ಹಾಡಿದ.

ಹತ್ತು ಮಂದಿಯ ಮುಂದ ಓದೂವ ಓಲ್ಯಾಗ
ಇದ್ದಾಕಿ ಹೆಸರ ಹ್ಯಾಂಗಿಡಲೆ | ಅದಕಂತ
ಸತ್ತಾಕಳ ಸುಖವ ಕೇಳೇನ ||

ಚಾಳಿನಲ್ಲಿ ಊರು ಬಿಟ್ಟು ಬಂದ ಗಂಡಸರೇ ಹೆಚ್ಚು. ಯಾರೂ ವಾಹವ್ವಾ ಅನ್ನಲಿಲ್ಲ. ಒಬ್ಬ ಎದ್ದು ಗೋಡೆಯ ಕಡೆ ಮುಖ ತಿರುಗಿಸಿ ನಿಂತ. ಮೀರಾಸಾಬ ಕಾಕಾ "ಗೀಯ" ಎತ್ತಲು ಮರೆತ. ಜೊತೆಗೆ ಹೋಗಿದ್ದ ನಾವು ಚಕ್ಕಡಿಯಲ್ಲಿ ಮರಳಿ ಬರುವಾಗ ಅವ್ವ ಅಂದಳು.

"ಮೂರನೇ ಸಾಲಿನ್ಯಾಗ ಕಾಲ ಬಡದ್ರಿ."

"ಬಡೀಲಿಲ್ಲ."

"ಬಡದ್ರಿ. ಎಡಗಾಲ."

ಅಪ್ಪ ಜೋರಾಗಿ ನಕ್ಕ. ಅವನು ಹಾಗೆ ನಗುವವನೆಂದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಅವನು ಮೈಯಲ್ಲಿ ಕಸುವು ಇರುವ ತನಕ ಹಾಡಿದ, ನೂರಾರು ನುಡಿ ಕಟ್ಟಿದ. ಕಟ್ಟಿದ್ದನ್ನೆಲ್ಲ ಮೊದಲು ಕಲ್ಲಿನ ಮುಂದೆ ಅವ್ವನಿಗೆ ಒಪ್ಪಿಸುತ್ತಿದ್ದ. ಕಲ್ಲು ತಡೆದಲ್ಲಿ ಮಾತು ತಿದ್ದುತ್ತಿದ್ದ.

ನನಗೆ ಅವ್ವನ ಕಂಠ ಬರಲಿಲ್ಲ, ಅಪ್ಪನ ಧೈರ್ಯ ಬರಲಿಲ್ಲ. ಹಾಡುವ ಮನೆಯಲ್ಲಿ ಹಾಡದೆ ಬೆಳೆದವಳು ನಾನೊಬ್ಬಳೇ. ಹದಿನಾರಕ್ಕೆ ಕಣಗಲಾ ಕಡೆ ನನ್ನನ್ನು ಕೊಟ್ಟರು. ಗಂಡನ ಮನೆಗೆ ಹೋದ ಎರಡನೇ ಮುಂಜಾನೆ ಅತ್ತೆ, ನೆಗೆಣ್ಣಿ ಅಂದರೆ ಓರಗಿತ್ತಿ, ಇಬ್ಬರೂ ಬೀಸುತ್ತ ಕೂತಿದ್ದರು, ನಾನು ಜೋಳ ಹಾಕುತ್ತಿದ್ದೆ. ಅತ್ತೆ ಹೊಳಿ ಪದ ಎತ್ತಿದಳು. ನುಡಿ ನುಡಿ ದಾಟಿ ಸತ್ತ ಆಕಳಿಗೆ ಬಂದಳು, ಹಾಡಿ ನಿಟ್ಟುಸಿರು ಬಿಟ್ಟಳು.

"ಎಂಥಾ ಕಲ್ಲೆದಿ ಗಂಡಸ ಇದ್ದಾನವ್ವ. ಆಕಿ ಹೊಟ್ಟಿ ಎಷ್ಟ ಉರದಿದ್ದೀತು."

ಆಗ ನನಗೆ ತಿಳಿಯಿತು. ಅವ್ವನ ಸವಾಲು ಹೆಂಗಸರ ಬಾಯಿಂದ ಊರೂರು ಹೋಗಿತ್ತು, ಹೋಗುತ್ತಲೇ ಇತ್ತು. ಅಪ್ಪನ ಜವಾಬು ಗೀಗೀ ಮೇಳದ ಗಂಡಸರ ನಡುವೆಯೇ ಉಳಿದಿತ್ತು. ಬೀಸುಕಲ್ಲಿನ ತನಕ ಅದು ಬಂದೇ ಇರಲಿಲ್ಲ. ಹುಕ್ಕೇರಿಯಿಂದ ಗೋಕಾವಿ ತನಕ ಎಷ್ಟು ಮನೆಗಳಲ್ಲಿ, ಎಷ್ಟು ಮುಂಜಾನೆಗಳಲ್ಲಿ ನಮ್ಮಪ್ಪನಿಗೆ ಬೈಗಳು ಬೀಳುತ್ತಿದ್ದವೋ. ಬಂದು ಎರಡು ದಿನವಾದ ಸೊಸೆ ಬಾಯಿ ಬಿಡಬಾರದು. ಬಿಟ್ಟೆ.

"ಅತ್ತೀ, ಆ ಗಂಡಸ ನಮ್ಮಪ್ಪರಿ."

ಕಲ್ಲು ನಿಂತಿತು. ಇಬ್ಬರೂ ನನ್ನನ್ನು ನೋಡಿದರು.

"ಆ ನುಡಿಗೆ ಜವಾಬ ಐತ್ರಿ. ಗೂಟ ಕೊಡ್ರಿ, ಅಂದ್ರ ಬರತೈತಿ."

ನೆಗೆಣ್ಣಿ ಸರಿದಳು. ನಾನು ಅವಳ ಜಾಗದಲ್ಲಿ ಕೂತು ಗೂಟ ಹಿಡಿದೆ, ಅತ್ತೆಯ ಕೈಯ ಮೇಲೆ ನನ್ನ ಕೈ. ಶ್ರುತಿ ಎಲ್ಲಿಯೋ ನಾನೆಲ್ಲಿಯೋ, ಅಪ್ಪನ ಮೂರು ಸಾಲು ಹಾಡಿದೆ. ಮುಗಿಸಿ ತಲೆ ಎತ್ತಲು ಹೆದರಿಕೆಯಾಯಿತು. ಅತ್ತೆ ಹಿಟ್ಟು ಹತ್ತಿದ ಮುಂಗೈಯಿಂದ ಕಣ್ಣು ಒರೆಸಿಕೊಂಡು, ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ಜೋಳ ಹಾಕಿದಳು.

"ಇನ್ನೊಮ್ಮಿ ಹೇಳ, ಸುಂದ್ರವ್ವಾ. ಕಲೀತೇನಿ."